ವಿಜ್ಞಾನ ಅಕಾಡೆಮಿ ದುಡ್ಡು ಕೊಡುತ್ತಾ? ಗೋಣಿಕೊಪ್ಪದಿಂದ ಬಂದ ಪ್ರಶ್ನೆ

ಪ್ರಶ್ನೆ: ಡಾಕ್ಟರೇ, ನಾನು ಗೋಣಿಕೊಪ್ಪದ ಹತ್ತಿರದ ಕಾಫಿ ಬೆಳೆಗಾರ. ಮಗಳು ಮಡಿಕೇರಿಯಲ್ಲಿ ಎರಡನೇ ವರ್ಷದ ಎಂಬಿಬಿಎಸ್. ಬರೀ ಡಾಕ್ಟರಾದರೆ ಸಾಲದು, ರಿಸರ್ಚ್ ಮಾಡಬೇಕು ಅನ್ನುತ್ತಾಳೆ. ನಮ್ಮ ಕೊಡಗಿನಲ್ಲಿ ಕಕ್ಕಡ ತಿಂಗಳಲ್ಲಿ ಪಾಯಸ ಮಾಡುವ ಮದ್ದುಸೊಪ್ಪಿನ ಬಗ್ಗೆ ಮಾಡುವ ಆಸೆ. ರಾಷ್ಟ್ರೀಯ ಅಕಾಡೆಮಿಗಳು ಇಂಥದ್ದಕ್ಕೆ ಹಣ ಕೊಡುತ್ತವಾ? ಕೆಲವರ ಹೆಸರಿನ ಮುಂದೆ ಎಫ್‌ಎನ್‌ಎ, ಎಫ್‌ಎಎಸ್‌ಸಿ ಅಂತೆಲ್ಲ ಇರುತ್ತದಲ್ಲ, ಅದಕ್ಕೆ ಯಾವ ಪರೀಕ್ಷೆ ಬರೆಯಬೇಕು? ಇನ್ನೊಂದು ವಿಷಯ. ಮೊನ್ನೆ ಅವಳಿಗೊಂದು ಇಮೇಲ್ ಬಂದಿದೆ. 'ನಮ್ಮ ಅಂತರರಾಷ್ಟ್ರೀಯ ಅಕಾಡೆಮಿಯ ಫೆಲೋ ಆಗಿ ಆಯ್ಕೆಯಾಗಿದ್ದೀರಿ, 12,000 ರೂಪಾಯಿ ಕಟ್ಟಿ' ಅಂತ. ಕಟ್ಟಬಹುದಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದರಲ್ಲಿ ದುಡ್ಡು ಕೈಬಿಡುವ ವಿಷಯ ಉಂಟು. ಕಟ್ಟಬೇಡಿ. ಆ ಮೇಲ್‌ಗೆ ಉತ್ತರವನ್ನೂ ಬರೆಯಬೇಡಿ. ಇನ್ನೂ ಒಂದು ಪ್ರಬಂಧವನ್ನೂ ಬರೆಯದ ಹುಡುಗಿಯನ್ನು ಹುಡುಕಿಕೊಂಡು ಬಂದು ಯಾವ ನೆಟ್ಟಗಿನ ಅಕಾಡೆಮಿಯೂ ಫೆಲೋ ಮಾಡುವುದಿಲ್ಲ. ನನಗೂ ಇಂಥ ಮೇಲ್ ತಿಂಗಳಿಗೆ ಎರಡು ಮೂರು ಬರುತ್ತವೆ. ಒಮ್ಮೆಯಂತೂ ನನ್ನನ್ನು 'ಶ್ರೇಷ್ಠ ದಂತವೈದ್ಯ' ಅಂತ ಕರೆದು ಪದಕ ಕೊಡಲು ಹೊರಟಿದ್ದರು. ನಾನು ಜೀವಮಾನದಲ್ಲಿ ಒಂದು ಹಲ್ಲೂ ಕಿತ್ತವನಲ್ಲ. ಕೆಲವು ನಿಜವಾದ ಅಕಾಡೆಮಿಗಳಲ್ಲೂ ಆಯ್ಕೆಯಾದವರು ಸದಸ್ಯತ್ವದ ಶುಲ್ಕ ಕಟ್ಟುವುದುಂಟು. ಅಲ್ಲಿ ಮೊದಲು ಕೆಲಸ, ಆಮೇಲೆ ಆಯ್ಕೆ, ಶುಲ್ಕ ಎಲ್ಲಕ್ಕಿಂತ ಕೊನೆಗೆ. ನಿಮ್ಮ ಮಗಳಿಗೆ ಬಂದ ಮೇಲ್‌ನಲ್ಲಿ ಶುಲ್ಕ ಮಾತ್ರ ಇದೆ.

ಈಗ ಆ ಅಕ್ಷರಗಳ ವಿಷಯ. ಅವು ಡಿಗ್ರಿಗಳಲ್ಲ, ಅಕಾಡೆಮಿಯೊಂದರ ಫೆಲೋ, ಅಂದರೆ ಆಯ್ಕೆಯಾದ ಸದಸ್ಯ, ಅನ್ನುವ ಗುರುತು. ಅದಕ್ಕೆ ಪರೀಕ್ಷೆ ಇಲ್ಲ. ನಾವೇ ಅರ್ಜಿ ಹಾಕುವ ಹಾಗೂ ಇಲ್ಲ. ಆಗಲೇ ಫೆಲೋ ಆಗಿರುವವರು ಒಬ್ಬರ ಹೆಸರು ಸೂಚಿಸುತ್ತಾರೆ. ಆ ವಿಷಯ ಬಲ್ಲವರ ಸಮಿತಿ ಅವರ ಕೆಲಸವನ್ನೆಲ್ಲ ಜಾಲಾಡುತ್ತದೆ. ಆಮೇಲೆ ಮತ ಹಾಕುತ್ತಾರೆ. ಒಂದು ಸಲಕ್ಕೆ ಆಗದೆ ವರ್ಷಗಟ್ಟಲೆ ಕಾಯುವವರೂ ಇದ್ದಾರೆ.

ನಮ್ಮಲ್ಲಿ ಮೂರು ವಿಜ್ಞಾನ ಅಕಾಡೆಮಿಗಳು ದೊಡ್ಡವು. ಹಳೆಯದು 1930ರಲ್ಲಿ ಅಲಹಾಬಾದಿನಲ್ಲಿ ಹುಟ್ಟಿದ್ದು. ಅದರ ಮೊದಲ ಅಧ್ಯಕ್ಷರು ಮೇಘನಾದ ಸಾಹಾ. ನಮಗೆ ಹತ್ತಿರದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ, 1934ರಲ್ಲಿ ಸಿ.ವಿ. ರಾಮನ್ ಕಟ್ಟಿದ್ದು. ಎಫ್‌ಎಎಸ್‌ಸಿ ಅಂದರೆ ಇದರ ಫೆಲೋ. ಮೂರನೆಯದು 1935ರಲ್ಲಿ ಕಲ್ಕತ್ತೆಯಲ್ಲಿ ಬೇರೆ ಹೆಸರಲ್ಲಿ ಶುರುವಾಗಿ, ಆಮೇಲೆ ದೆಹಲಿಗೆ ಹೋಗಿ, 1970ರಲ್ಲಿ ಈಗಿನ ಹೆಸರು ಪಡೆದ ಇನ್ಸಾ, ಅಂದರೆ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ. ಎಫ್‌ಎನ್‌ಎ ಅಂದರೆ ಅದರ ಫೆಲೋ. ಒಂದೇ ದೇಶಕ್ಕೆ ಮೂರು ಯಾಕೆ ಅಂತ ಕೇಳಬೇಡಿ. ಆಗಿನ ದೊಡ್ಡವರ ನಡುವಿನ ಜಗಳದ ಕಥೆ ಅದು, ಇಲ್ಲಿ ಶುರು ಮಾಡಿದರೆ ಮುಗಿಯುವುದಿಲ್ಲ.

ವೈದ್ಯರಿಗೆಂದೇ ಇರುವುದು ನಾಲ್ಕನೆಯದು. ದೆಹಲಿಯ ರಾಷ್ಟ್ರೀಯ ವೈದ್ಯಕೀಯ ವಿಜ್ಞಾನಗಳ ಅಕಾಡೆಮಿ, 1961ರದ್ದು. ಡಾಕ್ಟರುಗಳ ಬೋರ್ಡಿನಲ್ಲಿ ಎಫ್‌ಎಎಂಎಸ್ ಅಂತ ಕಂಡರೆ ಇದರ ಫೆಲೋ. ಇದರ ಹೆಸರು ನಿಮ್ಮ ಮಗಳು ಕೇಳಿರಲಿಕ್ಕಿಲ್ಲ, ಆದರೆ ಇದರ ಕೂಸೊಂದು ಅವಳ ನಿದ್ದೆ ಕೆಡಿಸಲಿದೆ! ಡಿಎನ್‌ಬಿ ಎಂಬ ತಜ್ಞವೈದ್ಯರ ಪರೀಕ್ಷೆ ನಡೆಸುವ ಮಂಡಳಿ 1975ರಲ್ಲಿ ಈ ಅಕಾಡೆಮಿಯ ಒಂದು ಭಾಗವಾಗಿ ಹುಟ್ಟಿತು, 1982ರಲ್ಲಿ ಬೇರೆ ಮನೆ ಮಾಡಿತು. ಈಗ ನೀಟ್ ಪಿಜಿ ನಡೆಸುವುದೂ ಅದೇ ಮಂಡಳಿ. ಅಕಾಡೆಮಿ ಈಗಲೂ ವೈದ್ಯರ ಮುಂದುವರಿಕೆ ಶಿಕ್ಷಣಕ್ಕೆ, ಅಂದರೆ ನಾವು ಸಿಎಂಇ ಅನ್ನುವ ಕಾರ್ಯಕ್ರಮಗಳಿಗೆ, ಮೆಡಿಕಲ್ ಕಾಲೇಜುಗಳಿಗೆ ನೆರವು ಕೊಡುತ್ತದೆ. ಉಪನ್ಯಾಸ, ಪ್ರಶಸ್ತಿ, ಒಂದು ಪತ್ರಿಕೆ, ವರ್ಷಕ್ಕೊಂದು ಸಮ್ಮೇಳನ ಇದೆ.

ಇಷ್ಟಾದರೂ ನಿಮ್ಮ ಮೂಲ ಪ್ರಶ್ನೆಗೆ ಬರಲಿಲ್ಲ, ಅಲ್ವಾ? ದುಡ್ಡು.

ಅಕಾಡೆಮಿಗಳ ಹತ್ತಿರ ದುಡ್ಡು ಕಡಿಮೆ. ಅವೇ ಸರ್ಕಾರ ಕೊಡುವ ಅನುದಾನದ ಮೇಲೆ ನಡೆಯುವಂಥವು. ವೈದ್ಯಕೀಯ ಸಂಶೋಧನೆಗೆ ಹಣ ಬರುವ ದೊಡ್ಡ ಬಾಗಿಲು ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. ಅದು ಅಕಾಡೆಮಿ ಅಲ್ಲ, ಸರ್ಕಾರದ ಮಂಡಳಿ. 1911ರಲ್ಲಿ ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್ ಅಂತ ಶುರುವಾಗಿ 1949ರಲ್ಲಿ ಈ ಹೆಸರಾಯಿತು. ಕಲ್ಕತ್ತೆಯ ಉಪೇಂದ್ರನಾಥ ಬ್ರಹ್ಮಚಾರಿ ಎಂಬ ವೈದ್ಯರಿಗೆ 1919ರ ಕೊನೆಗೆ ಈ ಸಂಸ್ಥೆಯೇ ಸಣ್ಣ ನೆರವು ಕೊಟ್ಟಿತ್ತು. ಅವರು ಕೆಲಸ ಮಾಡಿದ್ದು ಆಸ್ಪತ್ರೆಯ ಒಂದು ಪುಟ್ಟ ಕೋಣೆಯಲ್ಲಿ, ಹೊಗೆ ಬಿಡುವ ಲಾಟೀನಿನ ಬೆಳಕಲ್ಲಿ. ಅಲ್ಲಿ ತಯಾರಾದದ್ದು ಯೂರಿಯಾ ಸ್ಟಿಬಮೈನ್, ಕಾಲಾ ಆಜಾರ್ ಕಾಯಿಲೆಯ ಮದ್ದು. ಅಲ್ಲಿಯವರೆಗೆ ಊರಿಗೆ ಊರೇ ಖಾಲಿ ಮಾಡಿಸುತ್ತಿದ್ದ ಜ್ವರ ಅದು. ಮುಂದೆ 1935ರಲ್ಲಿ ಆ ಮೂರನೇ ಅಕಾಡೆಮಿ ಹುಟ್ಟುವಾಗ ಅದರ ಸ್ಥಾಪಕ ಫೆಲೋಗಳಲ್ಲಿ ಬ್ರಹ್ಮಚಾರಿಯವರೂ ಒಬ್ಬರು. ದುಡ್ಡು ಕೊಟ್ಟವರು ಒಬ್ಬರು, ಗೌರವ ಕೊಟ್ಟವರು ಇನ್ನೊಬ್ಬರು, ನಡುವೆ 15 ವರ್ಷ. ಇವತ್ತಿಗೂ ಹೆಚ್ಚುಕಡಿಮೆ ಹಾಗೇ ನಡೆಯುತ್ತದೆ.

ನಿಮ್ಮ ಮಗಳಿಗೆ ಈಗಲೇ ಆಗುವಂಥದ್ದು ಒಂದಿದೆ. ಐಸಿಎಂಆರ್ 1979ರಿಂದ ಎಂಬಿಬಿಎಸ್, ಬಿಡಿಎಸ್ ವಿದ್ಯಾರ್ಥಿಗಳಿಗೆ ಎಸ್‌ಟಿಎಸ್ ಎಂಬ ಯೋಜನೆ ನಡೆಸುತ್ತಿದೆ. ಎರಡು ತಿಂಗಳ ಕೆಲಸ. ವಿಷಯ ವಿದ್ಯಾರ್ಥಿಯದು, ಕಾಲೇಜಿನ ಒಬ್ಬರು ಗೈಡ್ ಇರಬೇಕು, ನೈತಿಕ ಸಮಿತಿಯ ಒಪ್ಪಿಗೆ ಬೇಕು. ಪ್ರಸ್ತಾವನೆ ಆಯ್ಕೆಯಾಗಿ, ಕೊನೆಗೆ ಕೊಟ್ಟ ವರದಿಯೂ ಒಪ್ಪಿಗೆಯಾದರೆ ಸ್ಟೈಪೆಂಡ್ ಮತ್ತು ಸರ್ಟಿಫಿಕೇಟ್. ಅವಳ ಕಾಲೇಜು 2016ರಲ್ಲಿ ಶುರುವಾದದ್ದು. ಅಲ್ಲಿ ಗೈಡ್ ಮಾಡುವಷ್ಟು ಮನಸ್ಸಿರುವ ಒಬ್ಬ ಮೇಷ್ಟ್ರು ಸಿಕ್ಕರೆ ಸಾಕು. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯವೂ ವಿದ್ಯಾರ್ಥಿಗಳ ಸಣ್ಣ ಯೋಜನೆಗಳಿಗೆ ಹಣ ಕೊಡುತ್ತದೆ.

ಹಾಗಾದರೆ ಅಕಾಡೆಮಿಯಿಂದ ಏನು ಸಿಗುತ್ತದೆ? ನನ್ನ ಲೆಕ್ಕದಲ್ಲಿ ಫೆಲೋಶಿಪ್ಪಿಗಿಂತ ದೊಡ್ಡ ಉಪಕಾರ ಎರಡಿವೆ.

ಒಂದು, ಬೇಸಿಗೆಯ ಎರಡು ತಿಂಗಳು. ಮೂರೂ ವಿಜ್ಞಾನ ಅಕಾಡೆಮಿಗಳು ಸೇರಿ ಸಮ್ಮರ್ ರಿಸರ್ಚ್ ಫೆಲೋಶಿಪ್ ಕೊಡುತ್ತವೆ. ಆಯ್ಕೆಯಾದವರು ಒಬ್ಬ ವಿಜ್ಞಾನಿಯ ಲ್ಯಾಬಿಗೆ ಹೋಗಿ ಎರಡು ತಿಂಗಳು ಅಲ್ಲೇ ಕೆಲಸ ಕಲಿಯಬಹುದು. ವಿದ್ಯಾರ್ಥಿಗಳಿಗೆ ಮಾತ್ರವಲ್ಲ, ಪಾಠ ಮಾಡುವವರಿಗೂ ಉಂಟು. ಸಣ್ಣ ಊರಿನ ಕಾಲೇಜಿನವರಿಗೆ ಇದರ ಬೆಲೆ ಎಷ್ಟು ಅಂತ ಹೇಳಿ ಮುಗಿಯದು. ಚಿಕ್ಕ ಅಳುವಾರದಲ್ಲಿ ಎಂಎಸ್ಸಿ ಓದುವ ಮಕ್ಕಳಿಗೆ ನಾನು ಸಿಕ್ಕಾಗಲೆಲ್ಲ ಇದನ್ನೇ ಹೇಳುತ್ತೇನೆ. ಪುಸ್ತಕದಲ್ಲಿ ಚಿತ್ರ ನೋಡಿದ್ದ ಯಂತ್ರದ ಎದುರು ಕೂತು, ಅದು ಕೆಟ್ಟಾಗ ಏನು ಮಾಡಬೇಕು ಅಂತ ಕಲಿತು ಬರುವುದು ಬೇರೆಯೇ ವಿದ್ಯೆ. ಅರ್ಜಿಯನ್ನು ಬೇಸಿಗೆಗೆ ಬಹಳ ಮೊದಲೇ ಕರೆಯುತ್ತಾರೆ. ರೊಬಸ್ಟಾ ಕೊಯ್ಲಿನ ಹೊತ್ತಿಗೆ ನೆನಪಾದರೆ ತಡವಾಗಿರುತ್ತದೆ. ಎಂಬಿಬಿಎಸ್‌ನವರು ಆ ವರ್ಷದ ಅರ್ಹತೆಯ ಸಾಲುಗಳನ್ನು ಮೊದಲು ಓದಿಕೊಂಡು ಆಮೇಲೆ ಫಾರಂಗೆ ಕೈಹಾಕಲಿ.

ಎರಡು, ಪತ್ರಿಕೆಗಳು. ಹೊರದೇಶದ ಒಂದು ಲೇಖನ ಓದಲು ಎರಡು ಮೂರು ಸಾವಿರ ಕೇಳುವ ಕಾಲ ಇದು. ಬೆಂಗಳೂರಿನ ಅಕಾಡೆಮಿ ತನ್ನ ಪತ್ರಿಕೆಗಳನ್ನು ದುಡ್ಡಿಲ್ಲದೆ ಓದಲು ಬಿಟ್ಟಿದೆ. ರಾಮನ್ ಅವರ ಕಾಲದಲ್ಲೇ, 1932ರಲ್ಲಿ ಶುರುವಾದ ಕರೆಂಟ್ ಸೈನ್ಸ್ ಇದೆ. ವಿದ್ಯಾರ್ಥಿಗಳಿಗೆಂದೇ ರೆಸೊನೆನ್ಸ್ ಇದೆ. ತೋಟದ ಮನೆಯಲ್ಲಿ ನೆಟ್‌ವರ್ಕ್ ಸಿಗುವ ಮೂಲೆಯಲ್ಲಿ ಕೂತು ಓದಬಹುದು.

ಇನ್ನೊಂದು ಕೆಲಸ ಅಕಾಡೆಮಿಗಳು ಮಾಡಬೇಕು, ಅದು ಮಾತಾಡುವುದು. ಕೆಲವೊಮ್ಮೆ ಚೆನ್ನಾಗಿ ಮಾತಾಡುತ್ತವೆ. 2020ರ ಜುಲೈಯಲ್ಲಿ ಕೋವಿಡ್ ಲಸಿಕೆಯನ್ನು ಆಗಸ್ಟ್ 15ರೊಳಗೆ ತರಬೇಕು ಅಂತ ಐಸಿಎಂಆರ್‌ನಿಂದ ಪತ್ರ ಹೋಯಿತು, ನೆನಪಿರಬಹುದು. ಬೆಂಗಳೂರಿನ ಅಕಾಡೆಮಿ ಕೆಲವೇ ದಿನದಲ್ಲಿ ಹೇಳಿಕೆ ಕೊಟ್ಟಿತು. ಇದು ಆಗುವ ಮಾತಲ್ಲ, ಮನುಷ್ಯರ ಮೇಲಿನ ಪರೀಕ್ಷೆಗೆ ಅದರದ್ದೇ ಸಮಯ ಬೇಕು ಅಂತ. ಹೇಳಬೇಕಾದ್ದನ್ನು ಹೇಳಬೇಕಾದ ಹೊತ್ತಿಗೆ ಹೇಳಿತು. ಅದಕ್ಕೂ ಹತ್ತು ವರ್ಷ ಮೊದಲು, 2010ರಲ್ಲಿ, ಇದೇ ಅಕಾಡೆಮಿಗಳು ನಗೆಪಾಟಲಾಗಿದ್ದವು. ಆರು ಅಕಾಡೆಮಿಗಳು ಸೇರಿ ಕುಲಾಂತರಿ ಬೆಳೆಗಳ ಬಗ್ಗೆ ಸರ್ಕಾರಕ್ಕೆ ವರದಿ ಕೊಟ್ಟರೆ, ಅದರಲ್ಲಿ ಸಾಲುಸಾಲು ಬೇರೆ ಕಡೆಯಿಂದ ಎತ್ತಿದ್ದು ಅಂತ ಗೊತ್ತಾಯಿತು. ಮಕ್ಕಳು ಪ್ರಾಜೆಕ್ಟ್ ಕಾಪಿ ಹೊಡೆದರೆ ನಾವು ಬೈಯುತ್ತೇವೆ. ಅಮೆರಿಕದಲ್ಲಿ 1999ರಲ್ಲಿ ಅಲ್ಲಿನ ವೈದ್ಯಕೀಯ ಅಕಾಡೆಮಿ ಒಂದು ವರದಿ ಕೊಟ್ಟಿತು. ಆಸ್ಪತ್ರೆಗಳಲ್ಲಿ ಆಗುವ ತಪ್ಪುಗಳಿಂದಲೇ ವರ್ಷಕ್ಕೆ 44,000ದಿಂದ 98,000 ಜನ ಸಾಯುತ್ತಿದ್ದಾರೆ ಅಂತ. ತಮ್ಮ ವೃತ್ತಿಯ ಹುಳುಕನ್ನು ತಾವೇ ಹೊರಹಾಕಿದ ವರದಿ ಅದು. ಅಂಥದ್ದು ನಮ್ಮಲ್ಲೂ ಬರಲಿ ಅಂತ ನನಗೆ ಬಹಳ ಆಸೆ.

ಪ್ರಶಸ್ತಿಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಇನ್ಸಾ 1974ರಿಂದ ಎಳೆಯ ವಿಜ್ಞಾನಿಗಳಿಗೆ ಪದಕ ಕೊಡುತ್ತಾ ಬಂತು. ಬೆಂಗಳೂರಿನ ಅಕಾಡೆಮಿ 1983ರಿಂದ ಎಳೆಯರನ್ನು ಅಸೋಸಿಯೇಟ್ ಅಂತ ಆರಿಸುತ್ತದೆ. ವೈದ್ಯಕೀಯಕ್ಕೂ ಕೊಡುತ್ತಿದ್ದ ಭಟ್ನಾಗರ್ ಪ್ರಶಸ್ತಿ ಅಕಾಡೆಮಿಯದ್ದಲ್ಲ, ಸಿಎಸ್‌ಐಆರ್ ಎಂಬ ಸರ್ಕಾರಿ ಸಂಶೋಧನಾ ಮಂಡಳಿಯದು. ಅದನ್ನೀಗ 2023ರಲ್ಲಿ ಬಂದ ರಾಷ್ಟ್ರೀಯ ವಿಜ್ಞಾನ ಪುರಸ್ಕಾರದ ಒಳಗೆ ಸೇರಿಸಿದ್ದಾರೆ. ಆ ಪುರಸ್ಕಾರದ ಮೊದಲ ವಿಜ್ಞಾನ ರತ್ನ 2024ರಲ್ಲಿ ಬಂದದ್ದು ಬೆಂಗಳೂರಿನ ಐಐಎಸ್‌ಸಿಯ ಜಿ. ಪದ್ಮನಾಭನ್ ಅವರಿಗೆ. ಮಲೇರಿಯಾದ ಮೇಲೆ ದಶಕಗಟ್ಟಲೆ ಕೆಲಸ ಮಾಡಿದವರು.

ಅವರ ಹೆಸರು ಬಂತಲ್ಲ, ಹಾಗಾಗಿ ಮದ್ದುಸೊಪ್ಪಿಗೆ ಬರೋಣ. ಕಕ್ಕಡ 18ಕ್ಕೆ ನಮ್ಮ ಮನೆಯಲ್ಲೂ ಪಾಯಸ ಆಗುತ್ತದೆ. ಆ ನೇರಳೆ ಬಣ್ಣ, ಆ ಘಮ, ಮರುದಿನ ಬೆಳಿಗ್ಗೆ ಮೂತ್ರ ಕೆಂಪಗೆ ಹೋದಾಗ ಹೊರಗಿನಿಂದ ಬಂದ ನೆಂಟರ ಗಾಬರಿ, ಎಲ್ಲ ಚೆಂದವೇ. ಆ ದಿನ ಸೊಪ್ಪಿನಲ್ಲಿ 18 ಬಗೆಯ ಮದ್ದು ಸೇರಿರುತ್ತದೆ ಅನ್ನುವುದು ನಮ್ಮ ನಂಬಿಕೆ. ಸಂಶೋಧನೆಗೆ ಅದು ಪ್ರಶ್ನೆ ಆಗಬಹುದು, ಉತ್ತರ ಆಗುವುದಿಲ್ಲ. ಪದ್ಮನಾಭನ್ ಅವರ ಲ್ಯಾಬು ಅರಿಸಿನದ ಮೇಲೆ ಕೆಲಸ ಮಾಡಿತು. 'ಅರಿಸಿನ ಒಳ್ಳೆಯದು' ಅಂತ ಅವರು ಬರೆಯಲಿಲ್ಲ. ಅರಿಸಿನದ ಒಳಗಿನ ಕರ್ಕ್ಯುಮಿನ್ ಎಂಬ ಒಂದೇ ವಸ್ತುವನ್ನು ತೆಗೆದು, ಮಲೇರಿಯಾದ ಒಂದು ಔಷಧಿಯ ಜೊತೆ ಸೇರಿಸಿ, ಮಲೇರಿಯಾ ಬಂದ ಇಲಿಗಳಿಗೆ ಕೊಟ್ಟು, ಔಷಧಿ ಒಂದೇ ಕೊಟ್ಟಾಗ ಎಷ್ಟು ಬದುಕಿದವು, ಎರಡೂ ಕೊಟ್ಟಾಗ ಎಷ್ಟು ಅಂತ ಎಣಿಸಿದರು. ನಿಮ್ಮ ಮಗಳ ಪ್ರಶ್ನೆಯೂ ಅಷ್ಟು ಸಣ್ಣದಾಗಬೇಕು. ಉದಾಹರಣೆಗೆ, ಕಕ್ಕಡಕ್ಕೆ ಮೊದಲು ಕೊಯ್ದ ಸೊಪ್ಪಿಗೂ ಆ ದಿನ ಕೊಯ್ದ ಸೊಪ್ಪಿಗೂ ಬಣ್ಣದ ಅಂಶದಲ್ಲಿ ವ್ಯತ್ಯಾಸ ಇದೆಯಾ? ಇದನ್ನು ಅಳೆಯಬಹುದು. ಮನುಷ್ಯರಿಗೆ ಕೊಟ್ಟು ನೋಡುವುದಾದರೆ ಅದು ಬೇರೆ ದಾರಿ. ನೈತಿಕ ಸಮಿತಿ, ಪ್ರಯೋಗದ ನೋಂದಣಿ ಎಲ್ಲ ಬೇಕು. ಎರಡು ತಿಂಗಳಲ್ಲಿ ಆಗುವುದಲ್ಲ.

ನನ್ನನ್ನು ಕೇಳಿದರೆ, ಅವಳು ಸೊಪ್ಪಿಗಿಂತ ಮೊದಲು ಹಾವಿನ ಕಡೆ ನೋಡಲಿ.

ಯಾಕೆ ಹೇಳುತ್ತೇನೆ ಅಂದರೆ, ನಾನು ಅಲ್ಲಿಯೇ ಎಡವಿದವನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ದಕ್ಷಿಣ ಕೊಡಗಿನ ಒಂದು ಸಣ್ಣ ಆಸ್ಪತ್ರೆಯಲ್ಲಿದ್ದೆ. ಎರಡು ಮಳೆಗಾಲದ ಹಾವು ಕಡಿತದ ಕೇಸುಗಳನ್ನು ಸೇರಿಸಿ ಲೇಖನ ಬರೆದು ಒಂದು ಪತ್ರಿಕೆಗೆ ಕಳಿಸಿದೆ. ಸಂಪಾದಕರು ಎರಡೇ ಪ್ರಶ್ನೆ ಕೇಳಿ ವಾಪಸ್ ಕಳಿಸಿದರು. ಯಾವ ಹಾವು? ವಿಷ ಏರದವರು ಎಷ್ಟು ಜನ? ರಿಜಿಸ್ಟರ್ ತೆಗೆದು ನೋಡಿದೆ. ಜುಲೈಯ ಥಂಡಿಗೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಶಾಯಿ ಹಿಂದಿನ ಪುಟಕ್ಕೆ ಇಳಿದಿತ್ತು. ನಿಧಾನಕ್ಕೆ ಬಿಡಿಸಿದೆ. 'ಹಾವಿನ ಹೆಸರು' ಅನ್ನುವ ಕಾಲಂನಲ್ಲಿ ಮೇಲಿನಿಂದ ಕೆಳಗಿನವರೆಗೆ 'ಹಾವು', 'ಹಾವು', 'ಹಾವು' ಅಂತ ಬರೆದಿತ್ತು. ಅರ್ಧಕ್ಕಿಂತ ಜಾಸ್ತಿ ನನ್ನದೇ ಅಕ್ಷರ.

ಆ ಕಾಲಂ ಯಾಕೆ ಮುಖ್ಯ ಅಂದರೆ, ನಮ್ಮ ದೇಶದಲ್ಲಿ ಸಿಗುವ ಹಾವಿನ ವಿಷದ ಮದ್ದು ನಾಲ್ಕೇ ಹಾವಿಗೆ ಮಾಡಿದ್ದು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ನಮ್ಮ ತೋಟದ ತರಗೆಲೆಯೊಳಗೆ ಇರುವ ಗೂನು ಮೂಗಿನ ಗುಳಿಮಂಡಲ ಈ ಪಟ್ಟಿಯಲ್ಲಿಲ್ಲ. ಕಾಫಿ ಗಿಡದ ರೆಂಬೆಯ ಮೇಲೆ ಸುತ್ತಿಕೊಂಡಿರುವ ಮಲಬಾರ್ ಗುಳಿಮಂಡಲವೂ ಇಲ್ಲ. ಮೊದಲಿನದ್ದು ಕಡಿದು ಕಿಡ್ನಿ ಕೆಟ್ಟದ್ದೂ ಉಂಟು. ಅದಕ್ಕೆ ಈ ಮದ್ದು ಎಷ್ಟು ಬಾಟಲಿ ಹಾಕಿದರೂ ಪ್ರಯೋಜನ ಇಲ್ಲ, ಅಲರ್ಜಿಯ ಅಪಾಯ ಮಾತ್ರ ಉಳಿಯುತ್ತದೆ. ಕೊಡಗಿನಲ್ಲಿ ಕಡಿತಕ್ಕೆ ಬಂದವರಲ್ಲಿ ಎಷ್ಟು ಜನಕ್ಕೆ ಯಾವ ಹಾವು ಅಂತ ಬರೆದಿಡುವುದೇ ದೊಡ್ಡ ಕೆಲಸ. ದೊಡ್ಡ ಯಂತ್ರ ಬೇಡ. 2024ರ ಫೆಬ್ರವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಲೇಬೇಕು. ಹಾಗಾಗಿ ಲೆಕ್ಕ ಇಡುವ ಅಭ್ಯಾಸವೂ ಶುರುವಾಗಿದೆ. ಹಾವಿನ ವಿಷದ ಮೇಲೆಯೇ ಕೆಲಸ ಮಾಡುವ ಲ್ಯಾಬು ಐಐಎಸ್‌ಸಿಯಲ್ಲಿದೆ. ಮುಂದೆ ಬೇಸಿಗೆಯ ಆ ಎರಡು ತಿಂಗಳು ಎಲ್ಲಿ ಕಳೆಯಬೇಕು ಅನ್ನುವುದಕ್ಕೂ ದಾರಿ ಸಿಕ್ಕಿದ ಹಾಗಾಯಿತು.

ಇಷ್ಟೆಲ್ಲ ಮಾಡಿದರೆ ಒಂದು ದಿನ ಆ ಅಕ್ಷರಗಳು ಬರುತ್ತವಾ ಅಂತ ನೀವು ಕೇಳಬಹುದು. ಬರದೆಯೂ ಇರಬಹುದು. ಶಂಭುನಾಥ ದೇ ಅಂತ ಒಬ್ಬರಿದ್ದರು. ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ಪೆಥಾಲಜಿ ಮೇಷ್ಟ್ರು. ಕಾಲರಾ ರೋಗಾಣುವಿನಿಂದ ವಿಷ ಹೊರಬರುತ್ತದೆ ಎಂದು ರಾಬರ್ಟ್ ಕಾಕ್ 1884ರಲ್ಲೇ ಊಹಿಸಿದ್ದರು, ತೋರಿಸಿದವರಿರಲಿಲ್ಲ. ದೇ ಅವರು ಮೊಲದ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿದರು. ರೋಗಾಣು ಬೆಳೆದ ನೀರನ್ನು ಸೋಸಿ, ಒಂದೂ ರೋಗಾಣು ಇಲ್ಲದ ಆ ನೀರನ್ನಷ್ಟೇ ಒಳಗೆ ಬಿಟ್ಟರು. ಕರುಳು ನೀರು ತುಂಬಿ ಊದಿಕೊಂಡಿತು. 1959ರಲ್ಲಿ ಅದನ್ನು ನೇಚರ್ ಪತ್ರಿಕೆಯಲ್ಲಿ ಬರೆದರು. ಸೂಜಿ, ದಾರ, ಮೊಲ, ಸೋಸುವ ಉಪಕರಣ, ಇಷ್ಟೇ ಸಾಮಾನು. ನೊಬೆಲ್ ಪಡೆದ ಜೋಶುವಾ ಲೆಡರ್‌ಬರ್ಗ್ ಇವರ ಹೆಸರನ್ನು ನೊಬೆಲ್‌ಗೆ ಒಂದಕ್ಕಿಂತ ಹೆಚ್ಚು ಸಲ ಸೂಚಿಸಿದ್ದರು. 1985ರಲ್ಲಿ ದೇ ತೀರಿಕೊಂಡರು. ಅಷ್ಟರವರೆಗೂ ಭಾರತದ ಒಂದು ಅಕಾಡೆಮಿಯೂ ಅವರನ್ನು ಫೆಲೋ ಮಾಡಿರಲಿಲ್ಲ. ಐದು ವರ್ಷದ ನಂತರ, 1990ರಲ್ಲಿ, ಕರೆಂಟ್ ಸೈನ್ಸ್ ಅವರ ನೆನಪಿಗೆ ಒಂದು ವಿಶೇಷ ಸಂಚಿಕೆ ತಂದಿತು. ದೊಡ್ಡ ಊರು, ದೊಡ್ಡ ಸಂಸ್ಥೆಗಳ ಕಡೆಗೇ ಅಕಾಡೆಮಿಗಳ ಕಣ್ಣು ಮೊದಲು ಹೋಗುತ್ತದೆ, ರೋಗಿ ನೋಡುತ್ತಾ ಸಂಶೋಧನೆ ಮಾಡುವವರು ಅಷ್ಟು ಬೇಗ ಕಾಣುವುದಿಲ್ಲ ಅನ್ನುವ ದೂರು ನನ್ನದೂ ಹೌದು.

ಮಗಳಿಗೆ ಹೇಳಿ, ಮಳೆ ಹಿಡಿಯುವ ಮೊದಲೇ ಗೈಡ್ ಒಪ್ಪಿಸಿಕೊಳ್ಳಲಿ, ನೈತಿಕ ಸಮಿತಿಗೆ ಕಾಗದ ಕೊಡಲಿ. ಒಂದು ದಪ್ಪ ರಟ್ಟಿನ ಪುಸ್ತಕ ತಗೊಂಡು ಪ್ಲಾಸ್ಟಿಕ್ ಕವರ್ ಹಾಕಿಸಲಿ, ಆಸ್ಪತ್ರೆಯ ರಿಜಿಸ್ಟರನ್ನು ಮಾತ್ರ ನಂಬಿ ಕೂರಬಾರದು. ರೋಗಿಯ ಹೆಸರು ಬೇಡ, ನಂಬರ್ ಸಾಕು. ಕಡಿದ ಗಂಟೆ, ಆಸ್ಪತ್ರೆಗೆ ಬಂದ ಗಂಟೆ, ಕೈಯೋ ಕಾಲೋ, ಏನು ಕೆಲಸ ಮಾಡುವಾಗ, ನಡುವೆ ನಾಟಿ ಮದ್ದು ಮಾಡಿಸಿದ್ದರಾ, ಗಾಜಿನ ಟ್ಯೂಬಿನಲ್ಲಿ ರಕ್ತ 20 ನಿಮಿಷಕ್ಕೆ ಹೆಪ್ಪುಗಟ್ಟಿತಾ ಇಲ್ಲವಾ, ಎಷ್ಟು ಬಾಟಲಿ ಮದ್ದು ಹಾಕಿದರು. ಈಗ ತೋಟದ ಕೆಲಸದವರು ಹಾವಿನ ಫೋಟೊ ಮೊಬೈಲಿನಲ್ಲಿ ತರುತ್ತಾರೆ. ಅದಕ್ಕೆಂದೇ ಹಾವಿನ ಕಾಲಂಗೆ ಜಾಗ ಸ್ವಲ್ಪ ಜಾಸ್ತಿ ಬಿಡಲಿ.